ಅಮ್ಮನ ಪುಸ್ತಕದಲ್ಲಿ ದಂಬೆಯ ಲೆಕ್ಕ

2018ರ ಜುಲೈ ತಿಂಗಳ ಒಂದು ಬೆಳಿಗ್ಗೆ ಮಂಗಳೂರಿನಿಂದ ತಮ್ಮ ಫೋನ್ ಮಾಡಿದ. "ಅಕ್ಕ, ಊರಿನ ಮನೆಯ ಅಡುಗೆಮನೆ ಗೋಡೆ ಬಿತ್ತು. ಯಾರಿಗೂ ಏನೂ ಆಗಿಲ್ಲ, ಆಗಲಿಕ್ಕೆ ಅಲ್ಲಿ ಯಾರಿದ್ದಾರೆ?" ಎಂದ. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮನೆಗೆ ಬೀಗ ಬಿದ್ದು ಒಂಬತ್ತು ವರ್ಷ. ನಾನು ಡೊಂಬಿವಲಿಯ ನಮ್ಮ ಮನೆಯ ಕಿಟಕಿಯಲ್ಲಿ ನಿಂತು ಹೊರಗಿನ ಮಳೆ ನೋಡುತ್ತಾ, ಹಳೆಯ ಮನೆಯಲ್ಲವೇ, ಆಯುಷ್ಯ ಮುಗಿದಿರಬೇಕು ಎಂದುಕೊಂಡೆ.

ಹಾಗಲ್ಲವೆಂದು ತಿಳಿದದ್ದು ಊರಿಗೆ ಹೋಗಿ ನೋಡಿದಾಗ. ನಮ್ಮ ಮನೆ ಕಾರ್ಕಳದ ಕಡೆಯ ಒಂದು ಹಳ್ಳಿಯಲ್ಲಿದೆ. ಅಜ್ಜ 1936ರಲ್ಲಿ ಕಟ್ಟಿಸಿದ್ದು, ಮಣ್ಣಿನ ಗೋಡೆ, ಮೇಲೆ ಸುಣ್ಣದ ಗಾರೆ, ಮಂಗಳೂರು ಹಂಚಿನ ಮಾಡು. ಚಾವಡಿಯ ಮಾಡು ಪಡುವಣಕ್ಕೆ ಇಳಿಯುತ್ತದೆ, ಅಡುಗೆಮನೆಯ ಮಾಡು ಮೂಡಣಕ್ಕೆ ಇಳಿಯುತ್ತದೆ. ಎರಡೂ ಮುಖಾಮುಖಿಯಾಗಿ ಸೇರುವಲ್ಲಿ ಒಂದು ಉದ್ದನೆಯ ತಗಡಿನ ದೋಣಿ. ಆ ದೋಣಿಯಲ್ಲಿ ಹಲಸಿನ ಎಲೆ, ಮಾವಿನ ಎಲೆ, ಅಡಿಕೆಯ ಸಿಪ್ಪೆ ಎಲ್ಲ ಕೊಳೆತು ಮಣ್ಣಾಗಿ, ಆ ಮಣ್ಣಿನಲ್ಲಿ ಹುಲ್ಲು ಬೆಳೆದು, ನಡುವೆ ಒಂದು ಅಶ್ವತ್ಥದ ಗಿಡವೂ ಎದ್ದಿತ್ತು. ನೀರಿಗೆ ಹೋಗಲು ದಾರಿಯಿಲ್ಲದೆ ಅದು ಒಳಬದಿಗೆ ಉಕ್ಕಿ ಗೋಡೆಯ ತಲೆಯ ಮೇಲೆ ಇಳಿದಿದೆ. ಸುಣ್ಣದ ಗಾರೆ ಹೊರಗಿನಿಂದ ನೆಟ್ಟಗೇ ಇತ್ತು, ಒಳಗಿನ ಮಣ್ಣು ಮಾತ್ರ ಪಾಯಸದಂತಾಗಿತ್ತು. ಒಂದೇ ಮಳೆಗಾಲದಲ್ಲಿ ಆದದ್ದಲ್ಲ. ಎರಡು ಮೂರು ವರ್ಷ ಸದ್ದಿಲ್ಲದೆ ನೆನೆದು ಕೊನೆಗೆ ಕುಸಿದದ್ದು.

ಬಿದ್ದ ಗೋಡೆಗೆ ಒತ್ತಿಕೊಂಡಿದ್ದ ಅಟ್ಟದಲ್ಲಿ ಅಮ್ಮನ ಕಬ್ಬಿಣದ ಪೆಟ್ಟಿಗೆ ಇತ್ತು. ಅದರಲ್ಲಿ ಅವಳ ಲೆಕ್ಕದ ಪುಸ್ತಕಗಳು. ಮೇಲಿನವು ಮುದ್ದೆಯಾಗಿದ್ದವು. ತಳದಲ್ಲಿದ್ದ 1959ರಿಂದ 1981ರವರೆಗಿನ ಹದಿನಾಲ್ಕು ಪುಸ್ತಕಗಳು ಅಂಚು ಕಪ್ಪಾಗಿದ್ದರೂ ಓದಲು ಸಿಕ್ಕಿದವು. ಬಿಸಿಲಿಲ್ಲದ ಜುಲೈ ತಿಂಗಳಲ್ಲಿ ಫ್ಯಾನಿನ ಅಡಿ ಒಂದೊಂದೇ ಹಾಳೆ ಒಣಗಿಸಿದೆ. ಈ ಸಂಚಿಕೆಗೆ ಏನಾದರೂ ಇತಿಹಾಸದ ಬಗ್ಗೆ ಬರೆಯಿರಿ ಎಂದು ನಮ್ಮ ವೇದಿಕೆಯವರು ಕೇಳಿದಾಗ ನನಗೆ ರಾಜರಾಣಿಯರು ನೆನಪಾಗಲಿಲ್ಲ, ಈ ಪುಸ್ತಕಗಳೇ ನೆನಪಾದವು.

ಪ್ರತಿ ವರ್ಷ ಮೇ ತಿಂಗಳ ಪುಟದಲ್ಲಿ ಒಂದೇ ರೀತಿಯ ಸಾಲುಗಳು. ಉಪ್ಪು, ಮೆಣಸು, ಸೌದೆ ಜೋಡಿಸಿದ್ದು, ಹಟ್ಟಿಗೆ ಸೋಗೆ ಹೊದಿಸಿದ್ದು, ಜಗಲಿಗೆ ತಟ್ಟಿ ಕಟ್ಟಿದ್ದು, ಹಂಚು ಬದಲಾಯಿಸಿದ್ದು ಇಷ್ಟು. ಅದರ ಕೆಳಗೆ "ದಂಬೆ ಗುಡಿಸಿದ್ದು, ಆಳು 1, ಊಟ ಸಹಿತ 1.50". ಇದು 1962ರದ್ದು. ಕೆಲವು ವರ್ಷ "ದಂಬೆ ಹೊಸತು" ಎಂದಿದೆ, ಆಗ ಎರಡು ಆಳು. ಎಲ್ಲವೂ ಪತ್ತನಾಜೆಯ ಮೊದಲು. ಘಟ್ಟದ ಮೇಲಿನ ಗೆಳತಿಯರಿಗೆ ಹೇಳಬೇಕು, ಪತ್ತನಾಜೆ ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ ತಿಂಗಳ ಇಪ್ಪತ್ತನಾಲ್ಕು ಇಪ್ಪತ್ತೈದರ ಸುಮಾರಿಗೆ ಬರುತ್ತದೆ. ಅಂದಿಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತದ ಕೋಲಗಳು ನಿಲ್ಲುತ್ತವೆ. ಆಮೇಲೆ ಯಾವಾಗ ಬೇಕಾದರೂ ಮಳೆ ಹಿಡಿಯಬಹುದು. ಮಾಡು ಹತ್ತುವ ಕೆಲಸ ಏನಿದ್ದರೂ ಅದರೊಳಗೆ ಮುಗಿಯಬೇಕು.

ದಂಬೆ ಎಂಬ ಪದ ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಅಡಿಕೆ ಮರವನ್ನೋ ಬೈನೆ ಮರವನ್ನೋ ಉದ್ದಕ್ಕೆ ಸೀಳಿ, ಒಳಗಿನ ತಿರುಳು ಕೆರೆದು ತೆಗೆದರೆ ಆಗುವ ದೋಣಿಯಂಥ ನೀರುದಾರಿ ಅದು. ಗುಡ್ಡದ ಒರತೆಯ ನೀರನ್ನು ತೋಟಕ್ಕೂ ಮನೆಯಂಗಳಕ್ಕೂ ತರುತ್ತಿದ್ದುದು ಇಂಥ ದಂಬೆಗಳನ್ನು ಒಂದರ ಬಾಯಿಗೆ ಒಂದು ಜೋಡಿಸಿ. ಎರಡು ಸೂರು ಸೇರುವಲ್ಲಿ ಅಡಿಕೆಯ ದಂಬೆ ಸಾಲದು, ಅಗಲದ ಬೈನೆಯೇ ಬೇಕು. ಅದೂ ನಾಲ್ಕೈದು ಮಳೆಗಾಲಕ್ಕೆ ಲಡ್ಡಾಗುತ್ತದೆ, ಹೊಸತು ಇಡಬೇಕು.

ಅಜ್ಜನ ಅಪ್ಪನ ಕಾಲಕ್ಕೆ ಹೋದರೆ ಸೂರಿಗೆ ದಂಬೆಯೇ ಇರಲಿಲ್ಲ. ಆಗಿನದು ಮುಳಿಹುಲ್ಲಿನ ಮನೆ. ನಮ್ಮೂರಿನಿಂದ ಬಸ್ಸಿನಲ್ಲಿ ಹೋಗಿಬರುವ ದೂರದಲ್ಲಿ ಮೂಡುಬಿದಿರೆ ಇದೆ. ಅಲ್ಲಿಯ ಸಾವಿರ ಕಂಬದ ಬಸದಿ 1430ರಲ್ಲಿ ಆದದ್ದು. ಘಟ್ಟದ ಮೇಲಿನ ದೇವಸ್ಥಾನಗಳ ಚಪ್ಪಟೆ ಚಾವಣಿ ಇಲ್ಲಿ ನಡೆಯುವುದಿಲ್ಲವೆಂದು ಕಟ್ಟಿದವರಿಗೆ ಗೊತ್ತಿತ್ತು, ಆದ್ದರಿಂದ ಮಾಡುಗಳೆಲ್ಲ ಇಳಿಜಾರು. ವರ್ಷಕ್ಕೆ 3500ರಿಂದ 4000 ಮಿಲಿಮೀಟರ್ ಸುರಿಯುವ ಸೀಮೆಯಲ್ಲಿ ನೀರನ್ನು ತಲೆಯ ಮೇಲೆ ನಿಲ್ಲಿಸಿಕೊಳ್ಳಲು ಯಾರಿಗೂ ಧೈರ್ಯವಿರಲಿಲ್ಲ. ದೇವರ ಮನೆಗೆ ಕಲ್ಲೋ ತಾಮ್ರವೋ, ಮನುಷ್ಯರ ಮನೆಗೆ ಹುಲ್ಲು. ಹುಲ್ಲಿನ ಮಾಡು ಕಡಿದಾಗಿ ಇಳಿಯುತ್ತದೆ. ನೀರು ನಾಲ್ಕು ಸುತ್ತಿನ ಸೂರಿನಿಂದ ಸಾವಿರ ಎಳೆಯಾಗಿ ನೆಲಕ್ಕೆ ಬೀಳುತ್ತದೆ. ಬೀಳುವಲ್ಲಿ ನೆಲದಲ್ಲೊಂದು ಕಣಿ ತೋಡಿದರೆ ಮುಗಿಯಿತು. ಒಂದು ಕಡೆ ಎಲೆ ಅಡ್ಡ ಬಂದರೆ ನೀರು ಅರ್ಧ ಅಡಿ ಆಚೆ ಬೀಳುತ್ತದೆ, ಅಷ್ಟೆ. ಹುಲ್ಲಿನ ಕಷ್ಟ ಬೇರೆ. ಬೆಂಕಿಯ ಭಯ, ಗೆದ್ದಲು, ಮತ್ತೆ ಮತ್ತೆ ಹೊಸ ಹುಲ್ಲು ಹೊದಿಸುವ ಖರ್ಚು.

ಆ ಕಷ್ಟ ತಪ್ಪಿಸಿದ್ದು ಹಂಚು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಛಾಪಖಾನೆ, ನೇಯ್ಗೆ ಎಲ್ಲ ಪ್ರಸಿದ್ಧವೇ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ನೇತ್ರಾವತಿಯ ದಡದ ಜೇಡಿಮಣ್ಣು ಕೈಗೆ ಸಿಗುವಷ್ಟು ಹತ್ತಿರ, ಸಾಗಿಸಲು ಕಡಲು ಪಕ್ಕದಲ್ಲೇ. ಒಂದರೊಳಗೊಂದು ಕೊಂಡಿಯಂತೆ ಕೂರುವ ಹಂಚಿನ ಉಪಾಯ ಫ್ರಾನ್ಸಿನ ಅಲ್ಸೇಸ್ ಸೀಮೆಯ ಜಿಲಾರ್ಡೋನಿ ಸೋದರರದ್ದು, ಅವರು ಅದಕ್ಕೆ ಪೇಟೆಂಟ್ ಪಡೆದದ್ದು 1841ರಲ್ಲಿ. ಮಂಗಳೂರಿನ ಹಂಚು ಆ ಜಾತಿಯದೇ. ಕೆಲವೇ ವರ್ಷಗಳಲ್ಲಿ ಊರಿನವರೂ ಕಾರ್ಖಾನೆ ಹಾಕಿದರು. ಮಣ್ಣು ಹೊತ್ತವರಲ್ಲಿ, ಹಸಿ ಹಂಚನ್ನು ಒಣಗಲು ಜೋಡಿಸಿದವರಲ್ಲಿ ಬಹಳ ಮಂದಿ ಹೆಂಗಸರು. ಹಂಚು ಹಡಗೇರಿ ಮುಂಬಯಿಗೂ ಬಂತು. ನಮ್ಮವರು ಹೋಟೆಲಿನ ಕೆಲಸಕ್ಕೆಂದು ಇಲ್ಲಿಗೆ ಬರುವ ಮೊದಲೇ ನಮ್ಮ ಮಣ್ಣು ಇಲ್ಲಿಯ ಮನೆಗಳ ತಲೆ ಕಾಯುತ್ತಿತ್ತು ಎಂದು ನಾನು ಹೆಮ್ಮೆಯಿಂದ ಹೇಳುವುದುಂಟು.

ಇಲ್ಲೊಂದು ತಮಾಷೆ. ಎಷ್ಟೋ ಹಳೆಯ ಹಂಚುಗಳ ಬೆನ್ನಿನ ಮೇಲೆ 1865 ಎಂದು ಅಚ್ಚಿದೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಹುಟ್ಟಿದ ವರ್ಷವಲ್ಲ. ನನ್ನ ಅಪ್ಪ ಸಾಯುವವರೆಗೂ ನಮ್ಮ ಮನೆ 1865ರದ್ದೆಂದು ನೆಂಟರಿಗೆ ಹೇಳುತ್ತಿದ್ದರು. ಅಜ್ಜ ಹುಟ್ಟಿದ್ದೇ ಆಮೇಲೆ ಎಂದು ಅಮ್ಮ ಒಳಗಿನಿಂದ ನಗುತ್ತಿದ್ದಳು.

ಹಂಚನ್ನು ಕೈಯಲ್ಲಿ ಹಿಡಿದು ನೋಡಿ. ಅದರ ಮೈಯಲ್ಲಿ ಮೇಲಿನಿಂದ ಕೆಳಕ್ಕೆ ತೋಡುಗಳಿವೆ. ಒಂದೊಂದು ಹಂಚೂ ಒಂದೊಂದು ಪುಟ್ಟ ದಂಬೆ. ಆ ತೋಡಿನಲ್ಲಿ ಒಂದು ಎಲೆ ಸಿಕ್ಕಿಕೊಂಡರೆ ನೀರು ಹಿಂದಕ್ಕೆ ಏರಿ ಸಂದಿನಿಂದ ಒಳಗಿಳಿಯುತ್ತದೆ, ಕೆಳಗಿನ ರೀಪು ಕಪ್ಪಾಗುತ್ತದೆ. ಹಂಚು ಬಂದ ಮೇಲೆ ಹುಲ್ಲಿಗಿಂತ ಕಡಿಮೆ ಇಳಿಜಾರು ಸಾಕಾಯಿತು, ಮನೆ ಅಗಲವಾಯಿತು, ಅಂಗಳದ ಆಚೆಗಿದ್ದ ಅಡುಗೆಮನೆ ಚಾವಡಿಗೆ ತಾಗಿಕೊಂಡು ಬಂತು. ಎರಡು ಮಾಡು ಸೇರುವ ಜಾಗ ಹುಟ್ಟಿತು. ದಂಬೆ ಬೇಕಾದದ್ದು ಅಲ್ಲಿ.

ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಮನೆಯ ಎರಡು ಮಾಡೂ ಸೇರಿ ಆ ದೋಣಿಗೆ ಸುರಿಸುವುದು ಸುಮಾರು 60 ಚದರ ಮೀಟರಿನ ನೀರು. ಗಂಟೆಗೆ 50 ಮಿಲಿಮೀಟರ್ ಮಳೆ ಆಷಾಢದಲ್ಲಿ ನಮಗೆ ಹೊಸತಲ್ಲ. ಅಂದರೆ ಗಂಟೆಗೆ 3000 ಲೀಟರ್, ಹದಿನೈದು ಲೀಟರಿನ ಕೊಡದಲ್ಲಿ ಇನ್ನೂರು ಕೊಡ, ಒಂದೇ ಬಾಯಿಯಿಂದ ಹೊರಗೆ ಹೋಗಬೇಕು. ಹುಲ್ಲಿನ ಸೂರಿನಲ್ಲಿ ಲೆಕ್ಕಕ್ಕೇ ಇಲ್ಲದ ಒಂದು ಹಿಡಿ ಎಲೆ ಇಲ್ಲಿ ಗೋಡೆ ಬೀಳಿಸುತ್ತದೆ.

ಆದರೂ ನನ್ನ ಬಾಲ್ಯದಲ್ಲಿ ದಂಬೆ ಕಟ್ಟಿಕೊಂಡ ನೆನಪಿಲ್ಲ. ಕಾರಣ, ಆಗ ಎಲೆ ಕಸವಾಗಿರಲಿಲ್ಲ. ಹಟ್ಟಿಯಲ್ಲಿ ಎಂಟು ಹತ್ತು ದನ. ಅವುಗಳ ಕಾಲಡಿಗೆ ಹಾಸಲು ತರಗೆಲೆ ಬೇಕು, ಅದೇ ಕೊಳೆತು ಗದ್ದೆಗೆ ಗೊಬ್ಬರ. ಬಚ್ಚಲ ಒಲೆಗೆ ಒಣ ಎಲೆಯೇ ಉರುವಲು. ಶಿವರಾತ್ರಿ ಕಳೆದು ಎಲೆ ಉದುರಲು ಶುರುವಾದರೆ ಹೆಂಗಸರು ಬೆಳಗಿನ ಜಾವ ಬುಟ್ಟಿ ಹಿಡಿದು ಗುಡ್ಡಕ್ಕೆ ಹೋಗಿ ಗುಡಿಸಿ ತರುತ್ತಿದ್ದರು. ಎಲೆಗಾಗಿ ಜಗಳವಾದದ್ದೂ ಇದೆ. ಮನೆಯ ಸುತ್ತ ಒಂದು ಎಲೆ ಉಳಿದರೆ ತಾನೇ ದಂಬೆಗೆ ಹಾರಿ ಬೀಳುವುದು?

ಗುಡಿಸುತ್ತಿದ್ದವರು ಯಾರು ಎಂಬುದನ್ನು ಅಮ್ಮನ ಪುಸ್ತಕ ಹೇಳುವುದಿಲ್ಲ. "ಆಳು 1" ಎಂದಷ್ಟೇ ಇದೆ, ಅದೂ ಮಾಡು ಹತ್ತಿದ ಗಂಡಾಳಿನದ್ದು. ಎಲೆ ಗುಡಿಸಿದ ಒಕ್ಕಲು ಮನೆಯ ಹೆಂಗಸರಿಗೆ ಒಂದು ಸಾಲೂ ಇಲ್ಲ. ಅದು ಬಿಟ್ಟಿ ಕೆಲಸ. ಧಣಿಗಳ ಮನೆಗೆ ಒಕ್ಕಲಿನವರು ಮಾಡಿಕೊಡಬೇಕಾದದ್ದು, ಲೆಕ್ಕದಲ್ಲಿ ಬರೆಯುವಂಥದ್ದಲ್ಲ. ಅವರಲ್ಲಿ ಒಬ್ಬರ ಮಗಳು ನನ್ನ ಓರಗೆಯವಳು. ನಾನು ಶಾಲೆಗೆ ಹೊರಡುವಾಗ ಅವಳು ತಲೆಯ ಮೇಲೆ ಎಲೆಯ ಬುಟ್ಟಿ ಹೊತ್ತು ಎದುರು ಬರುತ್ತಿದ್ದಳು. ಅದರಲ್ಲಿ ವಿಶೇಷವೇನಾದರೂ ಇದೆಯೆಂದು ಆಗ ನನಗೆ ಹೊಳೆದಿರಲಿಲ್ಲ.

1974ರ ಮಾರ್ಚ್ ಒಂದರಿಂದ ದೇವರಾಜ ಅರಸರ ಕಾಲದ ಭೂಸುಧಾರಣೆ ಜಾರಿಗೆ ಬಂತು. ನಮ್ಮ ಕಡೆ ಇಂದಿಗೂ ಅದನ್ನು ಡಿಕ್ಲರೇಶನ್ ಎಂದೇ ಕರೆಯುವುದು. ಗೇಣಿಗೆ ಮಾಡುತ್ತಿದ್ದವರು ಅರ್ಜಿ ಕೊಟ್ಟರು, ನ್ಯಾಯಮಂಡಳಿಯಲ್ಲಿ ತೀರ್ಮಾನವಾಯಿತು, ಉಳುತ್ತಿದ್ದ ಭೂಮಿ ಅವರದಾಯಿತು. ನಮ್ಮ ಮನೆಯಲ್ಲಿ ಅಪ್ಪ ವರ್ಷಗಟ್ಟಲೆ ಆ ಸಂಗತಿ ಮಾತಾಡುತ್ತಿರಲಿಲ್ಲ. ನಾನು ಮದುವೆಯಾಗಿ ಮುಂಬಯಿಗೆ ಬಂದು, ಇಲ್ಲಿ ಬಾಡಿಗೆ ಮನೆಯಲ್ಲಿ ಹನ್ನೊಂದು ತಿಂಗಳಿಗೊಮ್ಮೆ ಗಂಟು ಕಟ್ಟಿದ ಮೇಲೆ, ಸ್ವಂತ ನೆಲ ಎಂದರೆ ಏನೆಂದು ಅರ್ಥವಾಯಿತು. ಆದದ್ದು ಸರಿಯೇ ಆಯಿತು ಎಂದು ನಾನು ಈಗ ಹೇಳಬಲ್ಲೆ. ಅಪ್ಪನ ಎದುರು ಹೇಳಿರಲಿಲ್ಲ.

ಆ ವರ್ಷದ ಮೇ ತಿಂಗಳ ಪುಟದಲ್ಲಿ ದಂಬೆಯ ಸಾಲಿನ ಮುಂದೆ ಜಾಗ ಖಾಲಿ ಬಿಟ್ಟಿದೆ. ಅವರವರ ಗದ್ದೆ, ಅವರವರ ಮಾಡು ನೋಡಿಕೊಳ್ಳುವುದು ಬಿಟ್ಟು ನಮ್ಮದಕ್ಕೆ ಯಾರು ಬರುತ್ತಾರೆ? 1976ರಲ್ಲಿ "ಜಿ.ಐ. ತಗಡಿನ ದೋಣಿ, ಕೂಲಿ ಸಹಿತ 140" ಎಂದು ದಪ್ಪಕ್ಷರದಲ್ಲಿ ಬರೆದಿದ್ದಾಳೆ. ಅದರ ಸಂಭ್ರಮ ನನಗೆ ನೆನಪಿದೆ. "ತಗಡಿಗೆ ಎಂತ ಆಗ್ತದೆ? ಇನ್ನು ಅದರ ಸುದ್ದಿಯೇ ಬೇಡ" ಎಂದು ಅಪ್ಪ ಹೇಳಿದ್ದರು. ಪುಸ್ತಕದಲ್ಲಿಯೂ ಆಮೇಲೆ ಅದರ ಸುದ್ದಿ ಇಲ್ಲ. 1977ರಿಂದ 1981ರವರೆಗೆ ಮೇ ತಿಂಗಳ ಪುಟಗಳನ್ನು ಎರಡೆರಡು ಸಲ ನೋಡಿದೆ. ದೋಣಿಯೂ ಇಲ್ಲ, ದಂಬೆಯೂ ಇಲ್ಲ.

ತಗಡು ತುಕ್ಕು ಹಿಡಿಯುವುದು ನಿಧಾನ, ಆದರೆ ಎಲೆ ಮರದ್ದೋ ತಗಡಿದ್ದೋ ಎಂದು ದೋಣಿಯನ್ನು ಕೇಳಿ ಬೀಳುವುದಿಲ್ಲವಲ್ಲ! ಈ ನಡುವೆ ಹಟ್ಟಿಯ ದನಗಳು ಎರಡಕ್ಕೆ ಇಳಿದವು, ಆಮೇಲೆ ಇಲ್ಲವಾದವು. ಬಚ್ಚಲಿಗೆ ಗೀಸರ್ ಬಂತು. ಗುಡ್ಡದ ಎಲೆ ಗುಡ್ಡದಲ್ಲಿ, ಅಂಗಳದ ಎಲೆ ಅಂಗಳದಲ್ಲಿ. ಹಾಗಿದ್ದೂ 2009ರವರೆಗೆ ನಮ್ಮ ಗೋಡೆ ಗಟ್ಟಿಯಾಗಿತ್ತು. ಅಂದರೆ ಆ ಮೂವತ್ತಕ್ಕೂ ಹೆಚ್ಚು ವರ್ಷ ಯಾರೋ ದೋಣಿ ಗುಡಿಸುತ್ತಿದ್ದರು. ಯಾರು?

ಈ ಪ್ರಶ್ನೆ ಇಟ್ಟುಕೊಂಡೇ ಒಂದು ಮಳೆಗಾಲದಲ್ಲಿ ನಮ್ಮ ಹೆಂಗಸರ ಗುಂಪಿನೊಂದಿಗೆ ಬೊರಿವಲಿಯ ಕಾಡಿನೊಳಗಿನ ಕಾನ್ಹೇರಿ ಗುಹೆಗಳಿಗೆ ಹೋಗಿದ್ದೆ. ಮಳೆ ಬರುವಾಗಲೇ ಅಲ್ಲಿಗೆ ಹೋಗಬೇಕು. ನೂರಕ್ಕೂ ಹೆಚ್ಚು ಗುಹೆಗಳು, ಬೌದ್ಧ ಭಿಕ್ಷುಗಳು ಇದ್ದ ಜಾಗ. ಬಂಡೆಯ ತಲೆಯ ಮೇಲೆ ಉಳಿಯಿಂದ ಕೊರೆದ ಕಾಲುವೆಗಳಿವೆ. ಮೇಲಿನಿಂದ ಬಂದ ನೀರು ಗುಹೆಯ ಬಾಗಿಲಿಗೆ ಬೀಳದೆ ಈ ಕಾಲುವೆಯಲ್ಲಿ ಬದಿಗೆ ಹರಿದು ಬಾಗಿಲ ಪಕ್ಕದ ತೊಟ್ಟಿಗೆ ತುಂಬುತ್ತದೆ. ಕಲ್ಲಿನ ದಂಬೆ! ಒಂದು ತೊಟ್ಟಿಯ ಬಳಿ ಎರಡನೆಯ ಶತಮಾನದ ಶಾಸನವಿದೆ. ಅಕ್ಷರ ಸವೆದಿದ್ದರೂ, ವಾಸಿಷ್ಠೀಪುತ್ರ ಶಾತಕರ್ಣಿಯ ರಾಣಿಯ, ಅಂದರೆ ಮಹಾಕ್ಷತ್ರಪನ ಮಗಳ ಉಲ್ಲೇಖವಿದೆ. ಸತೇರಕನೆಂಬ ಅಮಾತ್ಯ ಆ ನೀರಿನ ತೊಟ್ಟಿ ಕೊಟ್ಟನೆಂದು ಓದಿದ್ದಾರೆ. ಒಂಬತ್ತನೆಯ ಶತಮಾನದಲ್ಲಿ ಈ ಕೊಂಕಣ ನಮ್ಮ ಮಾನ್ಯಖೇಟದ ಅಮೋಘವರ್ಷನ ಕೈಕೆಳಗಿತ್ತು. ಅವನ ಹೆಸರು ಹೇಳುವ ಶಿಲಾಹಾರರ ಶಾಸನಗಳೂ ಇಲ್ಲಿವೆ. ಅವುಗಳಲ್ಲೊಂದರಲ್ಲಿ ವಿಹಾರದ ದುರಸ್ತಿಗೆ, ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ ಎಂದು ಬೇರೆ ಬೇರೆಯಾಗಿ ಹಣ ಇಟ್ಟದ್ದು ಬರೆದಿದೆ. ದುರಸ್ತಿಗೆ ಬೇರೆಯೇ ಹಣ! ನಮ್ಮ ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಇದನ್ನು ಓದಿ ಹೇಳಬೇಕೆನಿಸಿತು. ಆದರೂ, ಕೊಟ್ಟವನ ಹೆಸರಿದೆ, ಕಾಲುವೆಯ ಎಲೆ ತೆಗೆದವರ ಹೆಸರು ಅಲ್ಲಿಯೂ ಇಲ್ಲ.

ಮುಂಬಯಿಯ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಬಿತ್ತು. ಬ್ರಿಟಿಷರ ಕಾಲದ ಚರಂಡಿಗಳು ಗಂಟೆಗೆ 25 ಮಿಲಿಮೀಟರಿಗೆ ಕಟ್ಟಿದವು. ಅಂಥ ಮಳೆಗೆ ಎಲೆ ತೆಗೆದರೂ ಒಂದೇ, ಬಿಟ್ಟರೂ ಒಂದೇ. ಆದರೆ ಅಂಥ ಮಳೆ ದಿನವೂ ಬರುವುದಿಲ್ಲ, ದಿನದ ಮಳೆಗೆ ನಮ್ಮ ಬಿಲ್ಡಿಂಗು ಸೋರುತ್ತಿತ್ತು. ಮೇಲಿನ ಮಾಳಿಗೆಯ ಗುಜರಾತಿ ಭಾಭಿಯ ಮನೆಯಲ್ಲಿ ಮೂರು ಮಳೆಗಾಲ ಬಾಲ್ದಿ ಇಟ್ಟರು. ಟೆರೇಸಿಗೆ ಎರಡು ಸಲ ವಾಟರ್‌ಪ್ರೂಫಿಂಗ್ ಆಯಿತು, ಲಕ್ಷಗಟ್ಟಲೆ ಹೋಯಿತು. ಕೊನೆಗೆ ಭಾಭಿ, ನಾನು, ಇನ್ನೊಬ್ಬರು ಮೇಲೆ ಹೋಗಿ ನೋಡಿದರೆ ಇಡೀ ಟೆರೇಸಿಗೆ ಇದ್ದದ್ದು ಎರಡು ನೀರಿನ ಬಾಯಿ. ಒಂದನ್ನು ಸಿಮೆಂಟು ಮುಚ್ಚಿತ್ತು. ಇನ್ನೊಂದರಲ್ಲಿ ಅಶ್ವತ್ಥದ ಎಲೆ, ಪಾರಿವಾಳದ ಗರಿ, ಸಂಕ್ರಾಂತಿಯ ಗಾಳಿಪಟದ ದಾರ, ಒಂದು ಮಗುವಿನ ಚಪ್ಪಲಿ. ಅರ್ಧ ಗಂಟೆಯ ಕೆಲಸ. 2003ರಿಂದ ಮಳೆನೀರು ಕೊಯ್ಲು ಕಡ್ಡಾಯವಾಗಿರುವ ಚೆನ್ನೈಯಲ್ಲಿ ನನ್ನ ನಾದಿನಿ ಇದ್ದಾಳೆ. "ಅತ್ತಿಗೆ, ನಮ್ಮಲ್ಲಿ ಎಲೆ ತಡೆಯಲು ಜಾಲರಿ ಇದೆ" ಎಂದಳು. ಆ ಜಾಲರಿಯ ಮೇಲಿನ ಎಲೆ ಯಾರು ತೆಗೆಯುತ್ತಾರೆ ಎಂದು ಕೇಳಿದ್ದಕ್ಕೆ ನಕ್ಕಳು, "ನಾನೇ".

ಗೋಡೆ ಬಿದ್ದ ಆ ಜುಲೈಯಲ್ಲಿ ನಾನು ಪುಸ್ತಕ ಒಣಗಿಸುತ್ತಿದ್ದಾಗ ನೋಡಲು ಬಂದವಳು ನನ್ನ ಓರಗೆಯ ಅದೇ ನೆರೆಮನೆಯವಳು. ಈಗ ಅವಳದು ನಮ್ಮದಕ್ಕಿಂತ ಚಂದದ ಮನೆ. ನಾನು ಅವಳನ್ನೇ ಕೇಳಿದೆ, ಅಮ್ಮ ಇದ್ದಾಗ ಈ ದೋಣಿ ಯಾರು ಗುಡಿಸುತ್ತಿದ್ದರು ಎಂದು. ಅವಳು ನನ್ನ ಮುಖ ನೋಡಿದಳು.

"ಅಮ್ಮನೇ ಅಲ್ವಾ ಅಕ್ಕ? ಏಣಿ ಇಟ್ಟು ಹತ್ತುತ್ತಿದ್ದರು. ವರ್ಷಕ್ಕೆ ಮೂರು ಸಲ. ನಮ್ಮ ಮಗನನ್ನು ಕಳಿಸ್ತೇನೆ ಅಂದರೆ, ಬೇಡ, ನಿಮಗೆ ನಿಮ್ಮ ಕೆಲಸ ಉಂಟು ಅಂತಿದ್ದರು." ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದಳು, "ಅವರು ಬಚ್ಚಲಲ್ಲಿ ಬಿದ್ದದ್ದಲ್ಲ, ಗೊತ್ತುಂಟಲ್ಲ? ಆ ಏಣಿಯಿಂದ ಬಿದ್ದದ್ದು. ಮಕ್ಕಳಿಗೆ ಹೇಳಬೇಡ ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದರು."

ಅಮ್ಮನಿಗೆ 2009ರಲ್ಲಿ ಎಪ್ಪತ್ತೊಂದು. ಸೊಂಟದ ಮೂಳೆ ಮುರಿದು ಅವಳನ್ನು ಡೊಂಬಿವಲಿಗೆ ಕರೆತಂದೆವು. ಐದು ವರ್ಷ ನನ್ನ ಮನೆಯ ಹಾಸಿಗೆಯಲ್ಲಿದ್ದಳು. ಬಚ್ಚಲಿಗೆ ಟೈಲ್ಸ್ ಹಾಕಿಸಿದ್ದೇ ತಪ್ಪಾಯಿತು ಎಂದು ತಮ್ಮ ಆ ಐದು ವರ್ಷವೂ ಕೊರಗಿದ. ಅವಳು ಒಂದು ಮಾತು ಬಿಡಲಿಲ್ಲ. ಮೇ ತಿಂಗಳು ಬಂದಾಗ ಮಾತ್ರ "ಊರಿಗೆ ಯಾರಾದರೂ ಹೋಗ್ತೀರಾ?" ಎಂದು ಕೇಳುತ್ತಿದ್ದಳು. ಮಾವಿನಹಣ್ಣಿನ ಆಸೆ ಎಂದು ತಿಳಿದಿದ್ದೆವು.

ಅವಳ ಪುಸ್ತಕದಲ್ಲಿ 1976ರ ನಂತರ ಆ ಸಾಲು ಯಾಕಿಲ್ಲ ಎಂದು ಈಗ ಗೊತ್ತಾಯಿತು. ಪುಸ್ತಕ ಇದ್ದದ್ದು ಕೊಟ್ಟ ಹಣಕ್ಕೆ. ಹಣ ಕೊಡದ ಕೆಲಸವನ್ನು ಅವಳು ಒಕ್ಕಲಿನ ಹೆಂಗಸರದ್ದನ್ನೂ ಬರೆಯಲಿಲ್ಲ, ತನ್ನದನ್ನೂ ಬರೆಯಲಿಲ್ಲ.

ಗೋಡೆಯನ್ನು ಕೆಂಪುಕಲ್ಲಿನಲ್ಲಿ ಎಬ್ಬಿಸಿದ್ದೇವೆ. ದೋಣಿ ಹೊಸತು, ಮೊದಲಿಗಿಂತ ಅಗಲ, ಬಾಯಿ ಎರಡು ಕಡೆ. ವರ್ಷಕ್ಕೆ ಮೂರು ಸಲ ಗುಡಿಸಬೇಕು. ಪತ್ತನಾಜೆಯ ಮೊದಲು ಒಮ್ಮೆ, ಮೊದಲ ಗುಡುಗು ಮಳೆಯ ಗಾಳಿಗೆ ಎಲೆ ಹಾರಿ ಬಿದ್ದ ಮೇಲೆ ಒಮ್ಮೆ, ಆಟಿ ತಿಂಗಳಲ್ಲಿ ಮಳೆ ಬಿಟ್ಟ ದಿನ ನೋಡಿ ಮತ್ತೊಮ್ಮೆ. ನೆರೆಮನೆಯ ಮೊಮ್ಮಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮಾಡಿಕೊಡುತ್ತಾನೆ, ಏಣಿ ಹಿಡಿಯಲು ಅವನ ಅಜ್ಜಿ. ಅಮ್ಮನ 1981ರ ಪುಸ್ತಕದಲ್ಲಿ ಕೊನೆಯ ಇಪ್ಪತ್ತು ಹಾಳೆ ಖಾಲಿ ಇದ್ದವು. ಈ ಸಲ ಊರಿಗೆ ಹೋದಾಗ ಅದರಲ್ಲೇ ಬರೆದು ಬಂದೆ. "ದೋಣಿ ಗುಡಿಸಿದ್ದು, ಮೊದಲನೇ ಸಲ. ಹತ್ತಿದವನಿಗೆ 800. ಏಣಿ ಹಿಡಿದವಳಿಗೆ 400. ಬೇಡ ಅಂದಳು, ಕೊಟ್ಟೆ."